ಸಿದ್ದವ್ವನ ಬಾಯಿಗೆ ಬಾರದ ಮಾತು

ಮಕ್ಕಳೇ, ಒಂದು ಕಾಡಿನ ಕೆರೆಯ ದಂಡೆಯಲ್ಲಿ ದೊಡ್ಡ ಹುಣಸೆಮರವಿತ್ತು. ಆ ಮರದಲ್ಲಿ ಸಿದ್ದವ್ವ ಎಂಬ ಅಳಿಲು ಇದ್ದಳು. ಮಳೆಗಾಲಕ್ಕೆ ಯಾರು ಎಷ್ಟು ಕಾಳು ಕೂಡಿಡಬೇಕು, ಎಲ್ಲಿ ಇಡಬೇಕು ಎಂದು ಸಲಹೆ ಕೊಡುವುದು ಅಲ್ಲಿನ ಅಳಿಲುಗಳ ಕಸುಬು. ಸಿದ್ದವ್ವ ಅವರಿಗೆಲ್ಲ ಯಜಮಾನಿ. ಸಲಹೆ ಕೇಳಿದವರು ಆಗಲೇ ಏನೂ ಕೊಡಬೇಕಾಗಿರಲಿಲ್ಲ. ಮಳೆಗಾಲ ಕಳೆದ ಮೇಲೆ, ಮನೆಮಂದಿಯೆಲ್ಲ ಹೊಟ್ಟೆತುಂಬ ಉಂಡಿದ್ದರೆ ಮಾತ್ರ, ಬಂದು ಒಂದು ಹಿಡಿ ಕಾಳು ಕೊಟ್ಟು ಹೋಗುವುದು ಪದ್ಧತಿ.

ಸಿದ್ದವ್ವನದು ಒಳ್ಳೆಯ ಮನಸ್ಸು, ಚುರುಕು ಬುದ್ಧಿ. ಆದರೆ "ನನಗೆ ಗೊತ್ತಿಲ್ಲ" ಎಂಬ ಮಾತು ಮಾತ್ರ ಅವಳ ಬಾಯಿಂದ ಹೊರಡುತ್ತಿರಲಿಲ್ಲ. ನೀವು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ತಯಾರು.

ಒಂದು ದಿನ ಇಲಿ ಮಂಚಮ್ಮ ಬಂದಳು. ಅವಳಿಗೆ ಏಳು ಎಳೆಮರಿಗಳು.

"ಅಕ್ಕಾ, ಒಂದಷ್ಟು ರಾಗಿತೆನೆ ಕೂಡಿಸಿದೀನಿ. ಮಳೆಗಾಲಕ್ಕೆ ನಮಗಿರೋದು ಅಷ್ಟೇ. ಅದನ್ನ ಇಡೋಕೆ ನೆಲದೊಳಗೆ ಹಗೇವು ತೋಡಬೇಕು. ಯಾವ ಕಡೆ ತೋಡಲಿ?"

ಸಿದ್ದವ್ವ ಮರದ ಪೊಟರೆ ಕಂಡವಳೇ ಹೊರತು ನೆಲದೊಳಗೆ ಮೂತಿ ಇಟ್ಟವಳಲ್ಲ. ಆದರೂ ಬಾಲ ಕುಣಿಸುತ್ತ ಹೇಳಿಯೇಬಿಟ್ಟಳು.

"ಕೆರೆ ಕಡೆ ತೋಡು. ಮಣ್ಣು ಮೆತ್ತಗಿದೆ, ಬೇಗ ಮುಗಿಯುತ್ತೆ."

ಮೊದಲ ದೊಡ್ಡ ಮಳೆಗೇ ಕೆರೆ ಉಕ್ಕಿತು. ಮಾರನೆಯ ಬೆಳಿಗ್ಗೆ ಮಂಚಮ್ಮ ಒದ್ದೆಮುದ್ದೆಯಾಗಿ ಮರದ ಬುಡಕ್ಕೆ ಬಂದಳು.

"ಹಗೇವಿಗೆ ನೀರು ನುಗ್ಗಿ ಬಿಲಕ್ಕೂ ಬಂತು ಅಕ್ಕಾ. ಮರಿಗಳನ್ನ ಕಚ್ಚಿಕೊಂಡು ಹೊರಗೆ ಬಂದೆ. ಒಂದು ತೆನೆಯೂ ಉಳೀಲಿಲ್ಲ. ನಿಮ್ಮನ್ನ ಬೈಯೋಕೆ ಬರಲಿಲ್ಲ. ಪಕ್ಕದ ಬಿಲದವಳು ನಾಳೆ ನಿಮ್ಮನ್ನ ಕೇಳೋಕೆ ಬರ್ತಾಳೆ. ಅವಳಿಗೂ ಇದನ್ನೇ ಹೇಳಬೇಡಿ ಅಂತ ಬಂದೆ."

ಅಳಿಲು ಗುಂಡಣ್ಣ ಮೆಲ್ಲಗೆ ಸಿದ್ದವ್ವನ ಕಿವಿಯ ಹತ್ತಿರ ಬಂದ. "ಅವಳೇ ಸರಿಯಾಗಿ ತೋಡಿಲ್ಲ ಅಂದುಬಿಡಕ್ಕ. ಯಜಮಾನಿಯೇ ತಪ್ಪು ಒಪ್ಪಿಕೊಂಡರೆ ನಾಳೆಯಿಂದ ಯಾರು ಬರ್ತಾರೆ? ನಮ್ಮ ಕಸುಬೇ ಮುಗಿದುಹೋಗುತ್ತೆ."

ಆ ಮಾತು ಸಿದ್ದವ್ವನ ನಾಲಿಗೆಯ ತುದಿಗೂ ಬಂತು. ಕೆಳಗೆ ನೋಡಿದಳು. ನಡುಗುತ್ತಿದ್ದ ಇಲಿ ಪಕ್ಕದ ಮನೆಯವಳ ಚಿಂತೆ ಹೊತ್ತು ಬಂದಿದ್ದಳು. ಸಿದ್ದವ್ವನಿಗೆ ನಾಚಿಕೆಯಾಯಿತು.

"ತಪ್ಪು ನನ್ನದು ಮಂಚಮ್ಮ. ನೆಲದೊಳಗಿನ ಸಂಗತಿ ನನಗೆ ಗೊತ್ತಿಲ್ಲ," ಎಂದಳು.

ಆಕಾಶವೇನೂ ಕಳಚಿ ಬೀಳಲಿಲ್ಲ. ಸಿದ್ದವ್ವ ತನ್ನ ಪೊಟರೆಯ ಅರ್ಧ ಕಾಳನ್ನು ಇಳಿಸಿ ಮಂಚಮ್ಮನ ಮುಂದಿಟ್ಟಳು. "ಈ ನೀರಿನ ವಿಷಯ ಯಾರಿಗೆ ಗೊತ್ತಿದೆ?" ಎಂದು ಕೇಳಿದಳು.

"ಏಡಿ ಕರಿಯಣ್ಣನಿಗೆ. ನಿಮ್ಮ ಮರದ ಬುಡದಲ್ಲೇ ಇದಾನಲ್ಲ."

ಇಬ್ಬರೂ ಹೋಗಿ ಕರೆದರು. "ಇಷ್ಟು ವರ್ಷದಲ್ಲಿ ಒಬ್ಬ ಅಳಿಲೂ ನನ್ನನ್ನ ಮಾತಾಡಿಸಿರಲಿಲ್ಲ," ಎಂದು ಗೊಣಗುತ್ತಲೇ ಕರಿಯಣ್ಣ ಹೊರಬಂದ. ಅಡ್ಡಡ್ಡ ನಡೆದು ನೀರು ಏರುವ ಗಡಿ ತೋರಿಸಿದ. ಹುತ್ತದ ಆಚೆ, ಗಟ್ಟಿನೆಲದಲ್ಲಿ ಎಲ್ಲರೂ ಸೇರಿ ಹೊಸ ಹಗೇವು ತೋಡಿದರು. ಪಕ್ಕದ ಬಿಲದವಳೂ ಅಲ್ಲಿಯೇ ತೋಡಿಕೊಂಡಳು. ಅಂದಿನಿಂದ ಕರಿಯಣ್ಣನಿಗೂ ಸಲಹೆಗಾರರ ನಡುವೆ ಒಂದು ಜಾಗ ಸಿಕ್ಕಿತು.

ಮಳೆಗಾಲ ಕಳೆಯಿತು. ಮಂಚಮ್ಮ ಮರದಡಿಗೆ ಬಂದಳು. ಹಿಂದೆ ಏಳು ಮರಿಗಳು, ಒಂದೊಂದರ ಬಾಯಲ್ಲೂ ಒಂದೊಂದು ಹೊಸ ರಾಗಿತೆನೆ.

ಸಿದ್ದವ್ವನ ಕಣ್ಣು ತುಂಬಿ ಬಂತು. "ಉಪಕಾರ ಮಾಡಿದವಳು ನೀನು ಮಂಚಮ್ಮ. ನೀನು ಸುಮ್ಮನೆ ಬೇರೆ ಕಾಡಿಗೆ ಹೋಗಿಬಿಟ್ಟಿದ್ದರೆ ನಾನು ಇನ್ನೆಷ್ಟು ಮನೆಗೆ ನೀರು ನುಗ್ಗಿಸುತ್ತಿದ್ದೆನೋ. ನಿನ್ನ ಋಣ ನಾನು ಮರೆಯಲ್ಲ."

ಸಿದ್ದವ್ವ ತಪ್ಪು ಒಪ್ಪಿಕೊಂಡ ಸುದ್ದಿ ಕೇಳಿ, ಅವರ ಹಿಂದೆ ಮೊಲ, ಮುಂಗುಸಿ, ಮುಳ್ಳುಹಂದಿ ಎಲ್ಲರೂ ಮುಂದಿನ ಮಳೆಗಾಲಕ್ಕೆ ಸಲಹೆ ಕೇಳಲು ಸಾಲುಗಟ್ಟಿ ನಿಂತಿದ್ದರು. ಹಿಂದೆಂದೂ ಅಷ್ಟು ಉದ್ದದ ಸಾಲು ಆ ಮರದಡಿ ನಿಂತಿರಲಿಲ್ಲ. ಕಸುಬು ಮುಗಿದೇಹೋಯಿತು ಎಂದು ಹೆದರಿದ್ದ ಗುಂಡಣ್ಣ ಮೊಲದ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡ. ತಲೆ ಕೆರೆದುಕೊಂಡ.

"ನನಗೆ ಗೊತ್ತಿಲ್ಲ," ಎಂದ. "ಬನ್ನಿ, ಕರಿಯಣ್ಣನನ್ನ ಕೇಳೋಣ."

ನೀತಿ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ, ತಪ್ಪು ತೋರಿಸಿದವರ ಉಪಕಾರ ನೆನೆಯುವ ಮುಂದಾಳನ್ನೇ ಜನ ನಂಬುತ್ತಾರೆ, ಆ ನಂಬಿಕೆಯಿಂದಲೇ ಕಸುಬು ಉಳಿಯುತ್ತದೆ.