ಕೊಟ್ರೇಶಿ ಬ್ಯಾಟರಿ ತಂದದ್ದು

ಈ ಕತೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಕಾಲೇಜಿನ ಲೇಡೀಸ್ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ದ್ಯಾಮಕ್ಕ. ಭಾನುವಾರ ಸಂಜೆ ದೊಡ್ಡ ಬೋಗುಣಿಯಲ್ಲಿ ಮಂಡಕ್ಕಿ ಒಗ್ಗರಣೆ ಕಲೆಸುತ್ತ ಶುರು ಮಾಡುತ್ತಿದ್ದಳು. ಮಂಡಕ್ಕಿ ಮುಗಿದರೂ ಕತೆ ಮುಗಿಯುತ್ತಿರಲಿಲ್ಲ; ನಾವು ಖಾಲಿ ಬೋಗುಣಿಯ ಸುತ್ತ ಕೂತೇ ಇರುತ್ತಿದ್ದೆವು. ಅವಳು ಹೇಳಿದ್ದಕ್ಕೆ ನಾನು ಒಂದೆರಡು ಮೆಣಸಿನಕಾಯಿ ಸೇರಿಸಿರಬಹುದು. ಉಪ್ಪು ಮಾತ್ರ ಅವಳದೇ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿ ಕರಿಬಸವ್ವ ಅಂತ ಒಬ್ಬಳಿದ್ದಳು. ಗಂಡ ಸತ್ತಾಗ ಅವಳಿಗೆ ಉಳಿದದ್ದು ಎರಡು: ಒಂದು ಹಳೇ ಮೋಟಾರ್ ಸೈಕಲ್ಲು, ಇನ್ನೊಂದು ಮಗ ಕೊಟ್ರೇಶಿ. ಗಾಡಿಗೆ ಏನು ಹೇಳಿದರೂ ತಿಳಿಯುತ್ತಿರಲಿಲ್ಲ. ಮಗನಿಗೆ ಹೇಳಿದ್ದಷ್ಟೇ ತಿಳಿಯುತ್ತಿತ್ತು. ಎರಡರಲ್ಲಿ ಯಾವುದು ವಾಸಿ ಅಂತ ಯಾರಾದರೂ ಕೇಳಿದರೆ ಕರಿಬಸವ್ವ ಒಂದು ಗಳಿಗೆ ಯೋಚನೆ ಮಾಡಿ, "ಗಾಡೀನೇ ವಾಸಿ ಬಿಡ್ರಿ" ಅನ್ನುತ್ತಿದ್ದಳು.

ಕೊಟ್ರೇಶಿ ಗಾಡಿ ಹೊಡೆಯುವುದು, ಹಿಂದೆ ಮಂಡಕ್ಕಿ ಚೀಲಗಳ ಸಂದಿಯಲ್ಲಿ ಅವ್ವ ಕೂರುವುದು, ಹಳ್ಳಿ ಹಳ್ಳಿ ತಿರುಗುವುದು. "ಮಂಡಕ್ಕೀ..." ಅಂತ ಅವಳು ಕೂಗಿದರೆ ಊರ ಆ ತುದಿಯ ಸೊಸೆಯೂ ಪುಟ್ಟಿ ಹಿಡಿದು ಬರಬೇಕು! ಹಾಗೆ ಇಪ್ಪತ್ತು ವರ್ಷ ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ಡಾಕ್ಟರು, "ಇನ್ನು ಕೂಗಿದರೆ ಇರೋ ಪಿಸುಮಾತೂ ಹೋಗತೈತಿ" ಅಂದರು.

"ಇನ್ನ ನೀನು ಕೂಗಲೇ ಕೊಟ್ರಾ. ಥೇಟ್ ನಾನು ಕೂಗಿದಂಗ ಕೂಗು" ಅಂದಳು.

ಕೊಟ್ರೇಶಿ ಕೂಗಿದ. "ಮಂಡಕ್ಕೀ... ಖೊಳ್ ಖೊಳ್... ಗಾಡಿ ಸರಿಯಾಗಿ ಹಿಡಿಯಲೇ ಮುಟ್ಠಾಳ! ಮಂಡಕ್ಕೀ... ಎದುರಿಗೆ ಎಮ್ಮಿ ಐತಿ ನೋಡೋ ಕುರುಡಾ!"

ಊರು ಊರೇ ನಕ್ಕಿತು. "ಬಾಯಿ ಮುಚ್ಚಲೇ! ಮತ್ತೆ ಬೀದಿಯಾಗ ಬಾಯಿ ತೆಗೀಬ್ಯಾಡ!" ಅಂದಳು ಅವ್ವ. ಅಂದಿನಿಂದ ಅವನು ಬೀದಿಯಲ್ಲಿ ಬಾಯಿ ತೆಗೆದವನಲ್ಲ. ಆಕಳಿಕೆ ಬಂದರೆ ಯಾರದಾದರೂ ಮನೆಯೊಳಗೆ ಹೋಗಿ ಆಕಳಿಸಿ ಬರುತ್ತಿದ್ದ.

ಕೊನೆಗೆ ದಾರಿ ತೋರಿಸಿದ್ದು ಗಾಡಿಯ ಹಾರನ್ನು. ಪೀಂ ಪೀಂ ಪೀಂ, ಮೂರು ಸಲ. ಅಂದರೆ ಕರಿಬಸವ್ವ ಬಂದಳು ಅಂತ. ಹಳ್ಳಿಯ ನಾಯಿಗಳಿಗೂ ಗೊತ್ತು. ಹಾರನ್ನೇ ಅವಳ ಗಂಟಲಾಯಿತು.

ಹೀಗಿರುವಾಗ ಒಂದು ಶ್ರಾವಣದ ಬೆಳಿಗ್ಗೆ ಗುಂಡಿ ಒತ್ತಿದರೆ ಹಾರನ್ನು ಕಮಕ್ ಕಿಮಕ್ ಅನ್ನಲಿಲ್ಲ. ಕಿಕ್ ಹೊಡೆದರೆ ಇಂಜಿನ್ನು ಏಳುತ್ತದೆ, ಗಾಡಿ ಓಡುತ್ತದೆ, ಹಾರನ್ನು ಮಾತ್ರ ಇಲ್ಲ. ಬ್ಯಾಟರಿ ಹೋಗಿತ್ತು. ಎರಡು ಹಳ್ಳಿ ಮೂಕವಾಗಿ ತಿರುಗಿದರು. ಒಬ್ಬರೂ ಹೊರಗೆ ಬರಲಿಲ್ಲ. ಮನೆಯಲ್ಲಿ ಭಟ್ಟಿಯಿಂದ ತಂದ ನಾಲ್ಕು ಚೀಲ ಮಂಡಕ್ಕಿ. ಹೊರಗೆ ಜಿಟಿಜಿಟಿ ಮಳೆ. ವಾರ ಕಳೆದರೆ ಮಂಡಕ್ಕಿ ಮೆತ್ತಗಾಗಿ ಹತ್ತಿಯಾಗುತ್ತದೆ. ಮೆತ್ತನೆ ಮಂಡಕ್ಕಿಯನ್ನು ದನವೂ ಮೂಸಿ ನೋಡುವುದಿಲ್ಲ.

"ಕೊಟ್ರಾ, ಮಕ್ಬೂಲ್ ಸಾಬ್ರ ಅಂಗಡಿಗೆ ಹೋಗು. ಇದ್ದುದರಾಗ ದೊಡ್ಡದು, ಗಟ್ಟಿಮುಟ್ಟಾದ್ದು ನೋಡಿ ಒಂದು ಬ್ಯಾಟರಿ ತಗಂಡು ಬಾ."

"ಆಗಲಿ ಯವ್ವಾ."

ಹೋದ. ಸಾಬ್ರು ಊಟಕ್ಕೆ ಹೋಗಿದ್ದರು. ಇದ್ದುದರಲ್ಲಿ ದೊಡ್ಡದು ಯಾವುದು? ಲಾರಿಯದು! ತಲೆ ಮೇಲೆ ಸಿಂಬೆ ಸುತ್ತಿ, ಹೊತ್ತು, ಏದುಸಿರು ಬಿಡುತ್ತ ಬಂದ. ಇಳಿಸಿದ್ದಕ್ಕೆ ಅಂಗಳದ ಕಲ್ಲು ಬಿರುಕು ಬಿಟ್ಟಿತು.

"ಅಯ್ಯೋ ನನ್ನ ಶಿವನೇ! ಇದರ ಮ್ಯಾಲೆ ಗಾಡಿ ಇಡಬೇಕೋ, ಗಾಡಿ ಮ್ಯಾಲೆ ಇದನ್ನಿಡಬೇಕೋ?"

"ದೊಡ್ಡದು ಅಂದಿ ನೀನೇ."

"ಅಳತಿ ಬ್ಯಾಡೇನಲೇ? ಹಳೇದನ್ನ ಬಿಚ್ಚಿ ಕೈಯಾಗ ಹಿಡ್ಕಂಡು ಹೋಗಬೇಕು. ಪಕ್ಕದಾಗಿಟ್ಟು ನೋಡಬೇಕು. ಥೇಟ್ ಅದರಂಗ ಇರೋದನ್ನ ತರಬೇಕು!"

"ಆಗಲಿ ಯವ್ವಾ."

ಲಾರಿ ಬ್ಯಾಟರಿ ಹೊತ್ತು ವಾಪಸು ಹೋದ. ಸಾಬ್ರು ಬೈಯಲಿಲ್ಲ. "ಕುತ್ತಿಗಿ ಸರಿ ಐತೇನಪಾ?" ಅಂತ ಕೇಳಿ ಒಂದು ಲೋಟ ಚಹಾ ಕೊಟ್ಟರು. ಕೊಟ್ರೇಶಿ ಹಳೇ ಬ್ಯಾಟರಿ ಹಿಡಿದು ಸಾಲಾಗಿಟ್ಟಿದ್ದ ಹೊಸ ಬ್ಯಾಟರಿಗಳ ಮುಂದೆ ನಿಂತ. ಸಾಬ್ರು ಒಂದು ತೋರಿಸಿದರು. "ಇದು ಅದರಂಗ ಇಲ್ಲ. ಇದು ಹೊಳೀತೈತಿ." ಇನ್ನೊಂದು. "ಇದರ ಮೂಲಿ ಒಡೆದಿಲ್ಲ." ಮತ್ತೊಂದು. "ಇದಕ್ಕ ಬಿಳೀ ಬೂಷ್ಟು ಹಿಡಿದಿಲ್ಲ." ಅಷ್ಟರಲ್ಲಿ ಬೇರೆ ಗಿರಾಕಿ ಬಂದರು, ಸಾಬ್ರು ಆ ಕಡೆ ತಿರುಗಿದರು. ಕೊಟ್ರೇಶಿ ಅಂಗಡಿ ಹಿಂದಕ್ಕೆ ಹೋದ. ಅಲ್ಲಿ ಜನ ಬಿಟ್ಟುಹೋದ ಹಳೇ ಬ್ಯಾಟರಿಗಳ ರಾಶಿ. ತಡಕಿದ, ತಡಕಿದ, ಸಿಕ್ಕೇ ಸಿಕ್ಕಿತು! ಅದೇ ಅಳತೆ, ಅದೇ ಧೂಳು, ಅದೇ ಮೂಲೆ ಒಡೆದದ್ದು.

ಅವ್ವ ಎರಡೂ ಬ್ಯಾಟರಿಗಳನ್ನು ನೋಡಿದಳು. ಮಗನ ಮುಖ ನೋಡಿದಳು. ಹಬ್ಬದ ಬಟ್ಟೆ ತಂದವನ ಹಾಗೆ ನಗುತ್ತಿದ್ದ.

"ಒಂದು ಹೆಣ ಇತ್ತು, ಜೋಡಿ ಮಾಡಿದೇನಲೇ!" ಅವಳ ಪಿಸುದನಿಯಲ್ಲಿ ಬೈಗುಳವೂ ಜೋಗುಳದ ಹಾಗೆ ಕೇಳುತ್ತಿತ್ತು, ಅದೇ ಅವಳಿಗೆ ದೊಡ್ಡ ಸಂಕಟ. "ಮ್ಯಾಲಿನ ಚರ್ಮ ನೋಡಿದರೆ ಆತೇನು? ಅಂಗಡಿಯಾಗೇ ಹಾರನ್ನಿಗೆ ಹಚ್ಚಿಸಿ ನೋಡಬೇಕು. ಕೂಗೋದನ್ನ ತಗಂಡು ಬಾ. ಸುಮ್ಮನೆ ಕುಂತಿರೋದನ್ನ ಅಲ್ಲೇ ಬಿಟ್ಟು ಬಾ!"

"ಆಗಲಿ ಯವ್ವಾ."

ಮಾರನೇ ದಿನ ಸಾಬ್ರು ಸರಿಯಾದ ಬ್ಯಾಟರಿಯನ್ನೇ ಮೇಜಿನ ಮೇಲಿಟ್ಟರು, ಎರಡು ವೈರು ಎಳೆದು ಒಂದು ಹಾರನ್ನಿಗೆ ಮುಟ್ಟಿಸಿದರು. ಪೀಂ...! ಬೀದಿಯವರೆಲ್ಲ ತಿರುಗಿ ನೋಡಿದರು.

"ಹೆಂಗೈತಪಾ?"

"ಭೇಷ್ ಐತಿ ಸಾಬ್ರೇ!" ಅಂದ ಕೊಟ್ರೇಶಿ. ಕೂಗಿದ್ದನ್ನು ಬಗಲಲ್ಲಿ ಹಿಡಿದುಕೊಂಡ. ಸುಮ್ಮನೆ ಕೂತಿದ್ದನ್ನು ಅಲ್ಲೇ ಬಿಟ್ಟ. ಹಾರನ್ನು ತಗೊಂಡು ಮನೆಗೆ ಬಂದ.

ಕರಿಬಸವ್ವ ಹಣೆ ಹಣೆ ಬಡಿದುಕೊಂಡಳು. ಆಮೇಲೆ ಮಂಡಕ್ಕಿ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿ ನೋಡಿದಳು. ಕರುಮ್ ಅನ್ನಬೇಕಾದ್ದು ಬರೀ ಕುರುಮ್ ಅಂತಿತ್ತು. ಇನ್ನು ಎರಡು ದಿನ, ಹೆಚ್ಚೆಂದರೆ ಮೂರು. ಅವಳ ಕಣ್ಣು ತುಂಬಿತು.

"ಕೊಟ್ರಾ, ಇನ್ನ ನಾನೇನೂ ಹೇಳಂಗಿಲ್ಲ. ಸಾಬ್ರು ತಿಳಿದೋರು. ಅವರು ಏನು ಹೇಳತಾರೋ ಅದನ್ನ ಮಾಡು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮಿಲ್ಲ."

"ಆಗಲಿ ಯವ್ವಾ."

ಹಾರನ್ನು ವಾಪಸು ಬಂದದ್ದು ಕಂಡು ಸಾಬ್ರು ಹೊಟ್ಟೆ ಹಿಡಿದು ನಕ್ಕರು. ಆ ಮನುಷ್ಯ ನಗುವುದರಲ್ಲಿ ಎಂದೂ ಜಿಪುಣನಲ್ಲ. ಮೂರು ಸಲ ಅಂಗಡಿ ಕೆಡಿಸಿದವನ ಮೇಲೆ ಒಂದು ಗದರಿಕೆ ಇಲ್ಲ. ಅವನು ಬಿಟ್ಟುಹೋದ ಬ್ಯಾಟರಿಯ ಹೊಟ್ಟೆಯಲ್ಲಿ ಆಸಿಡ್ ಗೆರೆಯವರೆಗೆ ಇದೆಯೇ ಅಂತ ನೋಡಿ, ರಾತ್ರಿಯೆಲ್ಲ ಚಾರ್ಜಿಗೆ ಇಟ್ಟು, ತಯಾರು ಮಾಡಿದ್ದರು. ಅವನು ಬಂದೇ ಬರುತ್ತಾನೆ ಅಂತ ಅವರಿಗೆ ಗೊತ್ತಿತ್ತು.

"ಕೇಳಪಾ. ಒಳಗೆ ಆಸಿಡ್ ಐತಿ. ಓರೆ ಮಾಡಬ್ಯಾಡ, ಕುಲುಕಬ್ಯಾಡ. ಎಳೇ ಕೂಸನ್ನ ಒಯ್ದಂಗ ಒಯ್ಯಿ. ವೈರು ಹಚ್ಚೋವಾಗ ಕೆಂಪು ಮೊದಲು, ಕಪ್ಪು ಆಮೇಲೆ. ಇದನ್ನ ಮಾತ್ರ ಎಂದೂ ಮರೀಬ್ಯಾಡ. ಉಲ್ಟಾ ಆದರೆ ಕಿಡಿ ಹಾರತಾವ!"

"ಆಗಲಿ ಸಾಬ್ರೇ."

ಕೂಸನ್ನು ಒಯ್ಯುವುದು ಹೇಗೆ? ಕೊಟ್ರೇಶಿ ಹೆಗಲ ಟವೆಲು ತೆಗೆದು ಬ್ಯಾಟರಿಗೆ ಹೊದಿಸಿದ. ಎದೆಗೆ ಅವಚಿಕೊಂಡ. ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ಹೊರಟ. ದಾರಿಯಲ್ಲಿ ಅಂಗನವಾಡಿ. ಅಂದು ಕೂಸುಗಳಿಗೆ ತೂಕ ನೋಡಿ ಪೋಲಿಯೋ ಹನಿ ಹಾಕುವ ದಿನ. ಬಸಿರಿ ಬಾಣಂತಿಯರ ಸಾಲಿನಲ್ಲಿ ಅವನೂ ನಿಂತ. ಕೂಸು ಅಂದ ಮೇಲೆ ತಪ್ಪಿಸಬಾರದಲ್ಲ!

ಅಂಗನವಾಡಿಯ ಟೀಚರು ಟವೆಲು ಸರಿಸಿ ನೋಡಿದರು. "ಏನೋ ಇದು ಕೊಟ್ರೇಶಿ? ಇದಕ್ಕ ಬಾಯೆಲ್ಲೈತೋ ಹನಿ ಹಾಕಾಕ?"

"ಒಂದಲ್ಲ ಟೀಚರ್, ಆರು ಅದಾವು!" ಅಂತ ಬ್ಯಾಟರಿಯ ನೆತ್ತಿಯ ಆರು ಬಿರಡೆ ತೋರಿಸಿದ.

ಬಾಣಂತಿಯರು ಸೆರಗು ಬಾಯಿಗಿಟ್ಟು ನಕ್ಕರು. ಟೀಚರಿಗೆ ಏನನ್ನಿಸಿತೋ, ತಕ್ಕಡಿಯಲ್ಲಿ ಇಟ್ಟು ನೋಡಿ, "ತೂಕ ಚೆನ್ನಾಗೈತಿ. ಹನಿ ಬ್ಯಾಡ. ನೆಟ್ಟಗೆ ಮನಿಗೆ ಹೋಗು" ಅಂದರು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ದೃಷ್ಟಿ ಆದೀತೆಂದು ಕಾಡಿಗೆಯ ಬೊಟ್ಟನ್ನೂ ಇಟ್ಟಳು.

ಹೀಗೆ ಬ್ಯಾಟರಿ ಕೆನ್ನೆಗೆ ಬೊಟ್ಟಿಟ್ಟುಕೊಂಡು ಮನೆಗೆ ಬಂತು. ಒಂದು ತೊಟ್ಟು ಚೆಲ್ಲಿರಲಿಲ್ಲ. ಕೊಟ್ರೇಶಿ ಗಾಡಿಯ ಬಗಲ ಡಬ್ಬಿ ತೆಗೆದ, ಕೂರಿಸಿದ, ರಬ್ಬರ್ ಪಟ್ಟಿ ಬಿಗಿದ. ಕೆಂಪು ಮೊದಲು. ಕಪ್ಪು ಆಮೇಲೆ. ಕರಿಬಸವ್ವ ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು.

ಪೀಂ! ಪೀಂ! ಪೀಂ!

ಗೂಡಿನಿಂದ ಕೋಳಿ ಹಾರಿತು. ಪಕ್ಕದ ಮನೆಯ ನಾಗರತ್ನಿ, "ಕರಿಬಸಕ್ಕಾ, ದನಿ ಬಂತೇನೇ!" ಅಂತ ಹೊಸ್ತಿಲಿಗೆ ಬಂದಳು. ಕರಿಬಸವ್ವ ಇನ್ನೊಂದು ಸಲ ಗುಂಡಿ ಒತ್ತಿದಳು. ಅದೇ ಉತ್ತರ.

ಅವತ್ತೇ ನಾಲ್ಕೂ ಚೀಲ ಕಟ್ಟಿಕೊಂಡು ಹೊರಟರು. ಪೀಂ ಪೀಂ ಪೀಂ! ಬಂದರು ನೋಡಿ ಹೆಂಗಸರು, ಪುಟ್ಟಿ, ಮೊರ, ಕೊಡ, ಸಿಕ್ಕಿದ್ದು ಹಿಡಿದುಕೊಂಡು. "ಎಲ್ಲಿ ಹೋಗಿದ್ದೆ ಕರಿಬಸವ್ವಾ? ಪಂಚಮಿಗೆ ಮಂಡಕ್ಕಿ ಇಲ್ಲದಂಗ ಆಗತಿತ್ತಲ್ಲವ್ವ!" ಗದ್ದಲವೋ ಗದ್ದಲ. ಬೀದಿಯಲ್ಲಿ ಬಾಯಿ ತೆಗೆಯುವಂತಿಲ್ಲವಲ್ಲ, ಕೊಟ್ರೇಶಿ ಒಂದು ಮನೆಯ ಪಡಸಾಲೆ ಹತ್ತಿ, ಸೇರು ಹಿಡಿದು ಅಳೆಯಲು ನಿಂತ.

"ಕೆಂಪು ಸೀರಿಯೋರು ಮುಂದ ಬರ್ರಿ. ಕೆಂಪು ಮೊದಲು!"

ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದವನು ಕಪ್ಪು ಕಂಬಳಿ ಹೊದ್ದ ಬೀರಜ್ಜ. "ಅಜ್ಜಾ, ನೀನು ಹಿಂದಕ್ಕ ಹೋಗು. ಕಪ್ಪು ಆಮೇಲೆ."

ಹಸಿರು ಸೀರೆಯವಳು, "ಮತ್ತೆ ನಂದು?" ಅಂದಳು.

"ನಿಂದು ಸಾಬ್ರು ಹೇಳಿಲ್ಲಕ್ಕ. ಕೇಳಿಕ್ಯಂಡು ಬರತೀನಿ, ತಡಿ."

ಬೀರಜ್ಜ ಕೋಲು ಎತ್ತಿದ. "ನನ್ನ ಕಂಬಳಿ ಕಂಡು ಹಿಂದ ಕಳಸ್ತೀಯೇನಲೇ!" ಕರಿಬಸವ್ವ ಅಡ್ಡ ಬಂದು, ಕೈಮುಗಿದು, ಅಜ್ಜನಿಗೆ ಮೊದಲು ಅಳೆದು, ಮೇಲೊಂದು ಬೊಗಸೆ ಹಾಕಿ ಸಮಾಧಾನ ಮಾಡಿದಳು.

"ನೋಡಿದೇನವ್ವಾ, ಕಪ್ಪಿಗೆ ಮೊದಲು ಕೊಟ್ಟರೆ ಕಿಡಿ ಹಾರತಾವ ಅಂದಿದ್ದರು ಸಾಬ್ರು" ಅಂದ ಮಗ.

"ಕೊಡದೇ ಹಾರಿದವಲ್ಲಲೇ ಮುಟ್ಠಾಳ! ಎದುರಿಗಿರೋರ ಮುಖ ನೋಡಲೇ! ಮುಖ ಗಂಟು ಹಾಕ್ಯಂಡರೆ ನಿಲ್ಲಿಸು. ನಗತಿದ್ದರೆ ಮಾಡ್ಕೋತ ಹೋಗು. ಜಗತ್ತಿನಾಗ ಇಷ್ಟು ಗೊತ್ತಿದ್ದರೆ ಸಾಕು."

"ಆಗಲಿ ಯವ್ವಾ."

ಸಂಜೆಗೆ ನಾಲ್ಕೂ ಚೀಲ ಖಾಲಿ. ತಳದಲ್ಲಿ ಉಳಿದ ಒಂದು ಸೇರನ್ನು ಕರಿಬಸವ್ವ ಯಾರಿಗೂ ಕೊಟ್ಟಿರಲಿಲ್ಲ. ಬೆಳಿಗ್ಗೆ ಎದ್ದು ಅದಕ್ಕೆ ಬೆಳ್ಳುಳ್ಳಿ, ಕರಿಬೇವು, ಕೊಬ್ಬರಿ, ಪುಠಾಣಿ ಹಾಕಿ ಒಗ್ಗರಣೆ ಕೊಟ್ಟು, ಬಟ್ಟೆಯಲ್ಲಿ ಕಟ್ಟಿದಳು.

"ಕೊಟ್ರಾ, ಇದನ್ನ ಸಾಬ್ರಿಗೆ ಕೊಟ್ಟು ಬಾ. ಎಷ್ಟು ಸಲ ಹೋದರೂ ಆ ಪುಣ್ಯಾತ್ಮ ಒಂದು ಮಾತು ಅನ್ನಲಿಲ್ಲ. ಉಪಕಾರ ಆತು ಅಂತ ಹೇಳು. ನಾನೇ ಹೋಗತಿದ್ದೆ, ಗಂಟಲಿಲ್ಲ. ನಾನೇ ಎದುರು ನಿಂತು ಹೇಳಿದಂಗಿರಬೇಕು, ತಿಳೀತೇನು?"

"ತಿಳೀತು ಯವ್ವಾ."

ತಿಳಿದೇ ಇತ್ತು! ಅವ್ವನ ದನಿ ಯಾವುದು ಅಂತ ಅವನಿಗೆ ಗೊತ್ತಿಲ್ಲವೇ?

ಅಂಗಡಿ ಮುಂದೆ ಗಾಡಿ ನಿಲ್ಲಿಸಿದ. "ಇಂಜಿನ್ ಬಂದ್ ಮಾಡಪಾ, ಹೊಗಿ ಬರತೈತಿ" ಅಂದರು ಸಾಬ್ರು. ಬಂದ್ ಮಾಡಿದ. ಗಂಟು ಕೊಟ್ಟ. ಬೀಗದ ಕೈ ತಿರುವಿ, ಸಾಬ್ರ ಮುಖವನ್ನೇ ನೋಡುತ್ತ ಗುಂಡಿ ಒತ್ತಿದ. ಪೀಂ ಪೀಂ ಪೀಂ!

ಸಾಬ್ರು ನಕ್ಕರು.

ನಗುತ್ತಿದ್ದರೆ ಮಾಡುತ್ತ ಹೋಗಬೇಕು. ಪೀಂ ಪೀಂ ಪೀಂ! ಸಾಬ್ರು ಇನ್ನೂ ನಕ್ಕರು. ಪಕ್ಕದ ಪಂಕ್ಚರ್ ಅಂಗಡಿಯವನು ನಕ್ಕ. ಚಹಾದವನು ನಕ್ಕ. ಪೀಂ ಪೀಂ ಪೀಂ! ಮಕ್ಬೂಲ್ ಸಾಬ್ರು ಕುರ್ಚಿ ಹಿಡಿದುಕೊಂಡು ನಕ್ಕರು, ಗಡ್ಡ ನೆನೆಯುವಷ್ಟು ನಕ್ಕರು, ಒಂದು ಸಲಕ್ಕೂ ಮುಖ ಗಂಟು ಹಾಕಲಿಲ್ಲ. ಪುಣ್ಯಾತ್ಮ, ಅದೊಂದು ಅವರಿಗೆ ಬರುತ್ತಲೇ ಇರಲಿಲ್ಲ. ಪೀಂ... ಪೀಂ... ಪೀ... ಪೀ... ಕುಯ್.

ಮಧ್ಯಾಹ್ನ ಕೊಟ್ರೇಶಿ ಮನೆಗೆ ಬಂದ. ಅಂಗಳಕ್ಕೆ ಗಾಡಿ ತಂದು ನಿಲ್ಲಿಸಿದ. ಬಗಲ ಡಬ್ಬಿ ಬಾಯಿ ತೆರೆದುಕೊಂಡಿತ್ತು, ಒಳಗೆ ಬ್ಯಾಟರಿ ಇರಲಿಲ್ಲ.

"ಎಲ್ಲಲೇ ಬ್ಯಾಟರಿ?"

"ಸಾಬ್ರು ಮತ್ತೆ ಚಾರ್ಜಿಗೆ ಇಟ್ಟಾರ. ನಾಳೆ ಬಾ ಅಂದರು."

"ನಿನ್ನೆ ತಾನೇ ಹಾಕಿದ್ದಲ್ಲೋ! ಏನು ಮಾಡಿದೆ?"

"ಉಪಕಾರ ಹೇಳಿದೆ ಯವ್ವಾ. ನಿನ್ನ ದನೀಲೇ ಹೇಳಿದೆ. ಅವರು ನಕ್ಕರು, ನಾನು ಹೇಳಿಕೋತ ಹೋದೆ. ಕಡೀಗೆ ದನಿ ಮುಗೀತು. ಇನ್ನೂ ಇದ್ದಿದ್ದರೆ ಇನ್ನೂ ಹೇಳತಿದ್ದೆ."

ಕರಿಬಸವ್ವ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈ ಅವನ ತಲೆ ಮೇಲೆ ಇಳಿದು ಅಲ್ಲೇ ಉಳಿಯಿತು.

"ಸಾಬ್ರು ಏನಂದರು?"

"ಕಣ್ಣು ಒರೆಸಿಕ್ಯಂಡರು. ನಿಮ್ಮವ್ವಗ ಹೇಳು, ಪೂರಾ ಮುಟ್ಟಿತು ಅಂತ ಅಂದರು."

"ಮುಟ್ಟಿತಂತಲ್ಲ, ಸಾಕು" ಅಂದಳು ಕರಿಬಸವ್ವ. ಅವಳಿಗೂ ನಗು ಬಂತು. ದನಿಯಿಲ್ಲದ ನಗು, ಆದರೂ ಪಕ್ಕದ ಮನೆಯ ನಾಗರತ್ನಿ ಏನಾಯಿತೆಂದು ಹೊಸ್ತಿಲಿಗೆ ಬಂದಳು.

ದ್ಯಾಮಕ್ಕ ಇಲ್ಲಿಗೆ ನಿಲ್ಲಿಸಿ ಬೋಗುಣಿ ತೊಳೆಯಲು ಏಳುತ್ತಿದ್ದಳು. ಅವಳು ನನಗೆ ಕೊಟ್ಟದ್ದನ್ನು ನಾನು ನಿಮಗೆ ಕೊಟ್ಟೆ. ಇನ್ನು ನೀವು ಯಾರಿಗಾದರೂ ಹೇಳಿ. ಎದುರಿಗಿರುವವರ ಮುಖ ಗಂಟಾದರೆ ನಿಲ್ಲಿಸಿ. ನಗುತ್ತಿದ್ದರೆ, ಬ್ಯಾಟರಿ ಮುಗಿಯುವವರೆಗೆ ಹೇಳುತ್ತ ಹೋಗಿ.