ಅತ್ತಿಮರದ ಕುಡಿಕೆ

ನದಿ ಬಳಸಿಕೊಂಡು ಹೋಗುವ ಕಡೆ ಒಂದು ಆಶ್ರಮ. ಅಲ್ಲಿ ಸುಭದ್ರಮ್ಮ ಅಂತ ಗುರು. ಜಪತಪ ಕಲಿಯೋಕೆ ಬಂದವರಿಗೆ ಅವರು ಊಟ ಹಾಕಿ ಕಳಿಸಿಬಿಡುತ್ತಿದ್ದರು. ಅವರು ಕಲಿಸುತ್ತಿದ್ದದ್ದು ಕಂಪ್ಯೂಟರಿನ ಕರ್ನಲ್ಲು.

ಕರ್ನಲ್ಲು ಅಂದರೆ ಯಂತ್ರದ ಒಳತಿರುಳು. ತುಂಬಿದ ಮನೆಯ ಹಿರಿಸೊಸೆ ಇರುತ್ತಾಳಲ್ಲ, ಹಾಗೆ. ಯಾರು ಬಾಗಿಲಲ್ಲಿ ನಿಂತು ಕೂಗಿದರೂ ಅದೇ ಓಗೊಡಬೇಕು, ಯಾವ ಕೆಲಸ ಯಾರ ಕೈಗೆ ಅಂತ ಅದೇ ಹೇಳಬೇಕು.

ಅಲ್ಲಿಗೆ ಶ್ರೀಪತಿ ಬಂದ. ನಡುವಯಸ್ಸಿನವನು. ಹೆಗಲಿಗೆ ಒಂದು ಚೀಲ, ಕೈಯಲ್ಲಿ ಬಿಳಿ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆ.

"ಕುಡಿಕೇಲಿ ಏನಪ್ಪಾ?" ಅಂದರು ಸುಭದ್ರಮ್ಮ.

"ಅನಸೂಯ," ಅಂದ. "ನನ್ನ ಹೆಂಡತಿ."

ಅಸ್ಥಿಯನ್ನು ಮನೆಯೊಳಗೆ ತರುವುದಿಲ್ಲ. ಹೊಳೆಗೆ ಬಿಡುವ ತನಕ ಹೊರಗೆ ಮರಕ್ಕೆ ಕಟ್ಟುತ್ತಾರೆ. ಸುಭದ್ರಮ್ಮ ದಂಡೆಯ ಮೇಲಿನ ಅತ್ತಿಮರ ತೋರಿಸಿದರು.

"ಯಾವಾಗ ಬಿಡ್ತೀಯಾ?"

"ಆಮೇಲೆ, ಅಮ್ಮ."

ಕೊಂಬೆಗೆ ಕಟ್ಟಿದ. ಆ ಆಮೇಲೆ ಅನ್ನುವುದು ಬರಲೇ ಇಲ್ಲ. ಬಿಳಿ ಬಟ್ಟೆ ಬಿಸಿಲಿಗೆ ಕಂದಿತು. ಅತ್ತಿ ಹಣ್ಣಾಗಿ ಉದುರಿತು, ಮತ್ತೆ ಕಾಯಿ ಕಟ್ಟಿತು.

ದಿನಾ ಬೆಳಿಗ್ಗೆ ಶ್ರೀಪತಿ ಮರದ ಕೆಳಗೆ ನಿಂತು, "ಕಾಫಿ ಆಯ್ತು," ಅನ್ನುತ್ತಿದ್ದ, ಅವಳಿದ್ದಾಗ ಹೇಳುತ್ತಿದ್ದ ಹಾಗೇ. ಆಮೇಲೆ ಒಂದಿಷ್ಟು ಹೊತ್ತು ಕಿವಿಗೊಟ್ಟು ನಿಲ್ಲುತ್ತಿದ್ದ. ಎಲೆ ಅಲುಗುತ್ತಿತ್ತು, ಅಷ್ಟೆ. ಮೈಯೆಲ್ಲ ಕಿವಿಯಾಗಿ ನಿಂತರೂ ಅವಳ ದನಿ ನೆನಪಿಗೆ ಬರುತ್ತಿರಲಿಲ್ಲ ಅವನಿಗೆ. ಪಾಪ, ಅದೇ ಅವನ ಸಂಕಟ.

ಆಶ್ರಮದಲ್ಲಿ ಆಗ ನದಿ ಕಾಯುವ ಒಂದು ಯಂತ್ರಕ್ಕೆ ಕರ್ನಲ್ಲು ಬರೆಯುತ್ತಿದ್ದರು. ನೀರಿನಲ್ಲಿ ಅಲ್ಲಲ್ಲಿ ಕಂಬ ನೆಟ್ಟಿದ್ದರು. ನೀರು ಏರಿದರೆ ಕಂಬ ಯಂತ್ರವನ್ನು ಕೂಗಬೇಕು. ಯಂತ್ರ ಎಷ್ಟು ಏರಿದೆ ಅಂತ ನೋಡಿ, ಕೆಳಗಿನ ದೋಣಿಗಟ್ಟದಲ್ಲಿ ಸೈರನ್ ಊದಬೇಕು. ಯಂತ್ರಕ್ಕೆ ನಾಲ್ಕು ಪ್ರೊಸೆಸರು. ನಾಲ್ಕು ತಲೆ ಅಂತಲೇ ಅನ್ನಿ. ಕಂಬದ ಕೂಗು ಹಿಡಿಯುವ ಭಾಗ ಶ್ರೀಪತಿಯ ಪಾಲಿಗೆ ಬಂತು.

ಬರೆದು ತಂದ. ಜೊತೆಯ ಶಿಷ್ಯೆ ಯಮುನಾ ನೀರಿಗಿಳಿದು ಒಂದಾದ ಮೇಲೊಂದು ಕಂಬ ಅಲುಗಿಸಿದಳು. ಮೊದಲನೇ ಕೂಗು ಸಿಕ್ಕಿತು. ಬೆನ್ನಿಗೇ ಬಂದದ್ದು ಸಿಗಲಿಲ್ಲ.

"ಯಂತ್ರಾನೇ ಕಿವುಡು, ಅಮ್ಮ," ಅಂದ ಶ್ರೀಪತಿ.

ಮರುದಿನ ಬೆಳಿಗ್ಗೆ ಸುಭದ್ರಮ್ಮ ಅವನನ್ನು ಅಡುಗೆಮನೆಯ ಹಿಂಬಾಗಿಲಲ್ಲಿ ನಿಲ್ಲಿಸಿದರು.

"ಯಾರು ಬಂದ್ರೂ ನೀನೇ ನೋಡ್ಕೋ."

ಹಾಲಿನವಳು ಬಂದಳು. ಹಾಲು ಇಸಿದುಕೊಂಡ. ಒಳಗೆ ಹೋಗಿ ಒಲೆಯ ಮೇಲಿಟ್ಟ. ಉಕ್ಕೀತು ಅಂತ ಅಲ್ಲೇ ನಿಂತ.

ಮಧ್ಯಾಹ್ನ ಎಲೆ ಮುಂದೆ ಕೂತಾಗ ಸುಭದ್ರಮ್ಮ ಕೇಳಿದರು. "ಹಾಲಿನವಳು ಹೋದ ಮೇಲೆ ಯಾರು ಬಂದಿದ್ರು?"

"ಯಾರೂ ಬರಲಿಲ್ಲ."

"ಸೊಪ್ಪಿನವಳು ಬಂದು, ಕೂಗಿ ಕೂಗಿ ಹೋದಳು. ಅದಕ್ಕೇ ಇವತ್ತು ಬರೀ ತಿಳಿಸಾರು."

ಶ್ರೀಪತಿ ತಿಳಿಸಾರು ಕಲೆಸುತ್ತಾ ಕೂತ. ಆಮೇಲೆ ತಲೆಯೆತ್ತಿ ಹೇಳಿದ. "ಬಾಗಿಲಲ್ಲಿ ನಿಂತವನು ಹಾಲು ಕಾಯಿಸಬಾರದು."

"ಮತ್ತೇನು ಮಾಡಬೇಕು?"

"ಇಸ್ಕೋಬೇಕು. ಹಾಲು ಬಂದಿದೆ ಅಂತ ಗೋಡೆಗೆ ಒಂದು ಗೆರೆ ಎಳೀಬೇಕು. ಮತ್ತೆ ಬಾಗಿಲಿಗೆ ತಿರುಗಬೇಕು. ಕಾಯಿಸೋದು ಆಮೇಲೆ. ಯಾರ ಕೈ ಬಿಡುವಾಗಿದೆಯೋ ಅವರು ಗೆರೆ ನೋಡಿ ಕಾಯಿಸ್ತಾರೆ."

"ಮಜ್ಜಿಗೆ ಹಾಕ್ಕೊಂಡು ಹೋಗಿ ಬರಿ."

ಬರೆದ. ಈಗ ಕೂಗು ಕೇಳಿದ ತಲೆ ಒಂದು ಗೆರೆ ಎಳೆದು ಮತ್ತೆ ಕಿವಿ ತೆರೆದು ನಿಲ್ಲುತ್ತಿತ್ತು. ಉಳಿದ ಕೆಲಸವನ್ನು ಬಿಡುವಾಗಿದ್ದ ಇನ್ನೊಂದು ತಲೆ ಎತ್ತಿಕೊಳ್ಳುತ್ತಿತ್ತು. ಆದರೆ ಒಂದು ಕೆಲಸ ಮಾತ್ರ, ಹಳೇ ಅಳತೆಗೆ ಹೋಲಿಸಿ ನೀರು ಎಷ್ಟು ಏರಿದೆ ಅಂತ ನೋಡುವುದು, ಹಾಗೆ ದಾಟಿಸಿದಾಗೆಲ್ಲ ಕೆಡುತ್ತಿತ್ತು.

"ಇನ್ನೊಂದು ತಲೆಗೆ ಕೊಟ್ಟರೆ ಅದು ಬರಿಗೈಲಿ ನಿಲ್ಲುತ್ತೆ, ಅಮ್ಮ."

"ಕೆಲಸಕ್ಕೆ ಬೇಕಾದ ಸಾಮಾನೆಲ್ಲ ಎಲ್ಲಿದೆ?"

"ಕೂಗು ಕೇಳಿದ ತಲೆಯ ಮಡಿಲಲ್ಲೇ ಉಳಿದಿದೆ."

"ಹಾಗಿದ್ರೆ ಅದನ್ನ ಅದೇ ಮಾಡ್ಬೇಕು. ಎಲ್ಲಾನೂ ಹಂಚೋಕಾಗಲ್ಲ."

ಅಂದಿನಿಂದ ಶ್ರೀಪತಿ ಅಡುಗೆಮನೆಯಲ್ಲೂ ಇದ್ದಿಲು ಹಿಡಿದು ಗೆರೆ ಎಳೆಯತೊಡಗಿದ. ಯಾವ ಕೆಲಸ ಹೇಳಿದರೂ ಒಂದು ಗೆರೆ, ಒಂದು "ಆಮೇಲೆ". ಯಮುನಾ ಅವನಿಗೆ ಆಮೇಲಣ್ಣ ಅಂತಲೇ ಹೆಸರಿಟ್ಟಳು.

"ಆಮೇಲಣ್ಣ, ಊಟಕ್ಕೆ ಬರ್ತೀಯಾ, ಅದಕ್ಕೂ ಗೆರೆ ಎಳೀಲಾ?"

ಅವನೂ ನಗುತ್ತಿದ್ದ. ಮರದ ಕಡೆ ನೋಡಿದಾಗ ಮಾತ್ರ ನಗು ಅಲ್ಲೇ ನಿಲ್ಲುತ್ತಿತ್ತು.

ಹುಣ್ಣಿಮೆಯ ದಿನ ಹಾಲಿನವಳು ಎರಡು ಸಲ ಬಂದಳು. ಎರಡನೆಯದು ಪಾಯಸದ ಹಾಲು. ಅವಳು ಬಂದಾಗ ಯಮುನಾ ಒಲೆಯ ಮುಂದೆ ಮೊದಲ ಹಾಲು ಕಾಯಿಸುತ್ತಿದ್ದಳು. ಶ್ರೀಪತಿ ಹಾಲು ಇಸಿದುಕೊಂಡು ಗೋಡೆ ನೋಡಿದ. ಗೆರೆ ಇತ್ತು. ಸರಿ, ಇನ್ನೊಂದು ಯಾಕೆ ಅಂತ ಪಾತ್ರೆ ಅಲ್ಲೇ ಇಟ್ಟು ಬಾಗಿಲಿಗೆ ತಿರುಗಿದ. ಯಮುನಾ ಕಾಯಿಸಿ ಮುಗಿಸಿ, ಗೆರೆ ಅಳಿಸಿ, ಕೈ ಒರೆಸಿಕೊಂಡು ಹೋದಳು. ಪಾಯಸದ ಹಾಲು ಬೆಕ್ಕಿನ ಹೊಟ್ಟೆ ಸೇರಿತು.

ಸುಭದ್ರಮ್ಮ ಖಾಲಿ ಪಾತ್ರೆಯನ್ನು ಅವನ ಮುಂದಿಟ್ಟರು.

"ಗೆರೆ ಇತ್ತಲ್ಲ, ಅಮ್ಮ. ಹೇಳಿ ಆಗಿದೆ ಅಂದ್ಕೊಂಡೆ."

"ಅದು ಯಾವ ಹಾಲಿನ ಗೆರೆ?"

ಶ್ರೀಪತಿ ಪಾತ್ರೆ ತೊಳೆದು ಕವುಚಿಟ್ಟ.

"ಕೆಲಸಕ್ಕೆ ಕೈ ಹಾಕೋ ಮುಂಚೇನೇ ಗೆರೆ ಅಳಿಸಬೇಕಿತ್ತು," ಅಂದ ಕಡೆಗೆ. "ಇಲ್ಲದಿದ್ರೆ ಹೊಸದಾಗಿ ಬಂದ ಕೂಗು ಹಳೇ ಗೆರೆಯ ಅಡೀಲಿ ಮುಚ್ಚಿಹೋಗುತ್ತೆ. ಬಂದದ್ದೇ ಗೊತ್ತಾಗಲ್ಲ. ಯಂತ್ರದಲ್ಲೂ ನಾನು ಹಾಗೇ ಬರೆದಿದ್ದೀನಿ."

"ತಿದ್ದು."

ತಿದ್ದಿದ. ಮಳೆಗಾಲ ಬಂತು. ಒಂದು ಮಧ್ಯಾಹ್ನ ಮೇಲ್ಗಡೆ ಎಲ್ಲೋ ಸುರಿದ ಮಳೆಗೆ ನದಿ ಕೆಂಪಾಗಿ ಏರತೊಡಗಿತು. ಕಂಬಗಳೆಲ್ಲ ಒಟ್ಟಿಗೇ ಕೂಗಿದವು. ಯಂತ್ರ ಒಂದು ಕೂಗನ್ನೂ ಬಿಡಲಿಲ್ಲ. ದೋಣಿಗಟ್ಟದಲ್ಲಿ ಸೈರನ್ ಊದಿತು. ಜನ ದೋಣಿಗಳನ್ನು ಮೇಲಕ್ಕೆಳೆದುಕೊಂಡು ದಿಬ್ಬ ಹತ್ತಿದರು.

"ಆಮೇಲಣ್ಣ, ಗೆದ್ದೆ ಕಣೋ," ಅಂತ ಯಮುನಾ ಒಳಗೆ ಓಡಿ ಬಂದಳು. ಅವನು ಅಲ್ಲಿರಲಿಲ್ಲ.

ಅವನು ಅತ್ತಿಮರದ ಕೆಳಗಿದ್ದ. ನೀರು ಬೇರಿಗೆ ಬಂದಿತ್ತು. ಕುಡಿಕೆ ಬಿಚ್ಚಿಕೊಂಡು, ನದಿಗೆ ಬೆನ್ನು ಮಾಡಿ, ಅದನ್ನು ಎದೆಗೊತ್ತಿಕೊಂಡು ನಿಂತಿದ್ದ. ಸುಭದ್ರಮ್ಮ ಮೆಟ್ಟಿಲಿಳಿದು ಬಂದರು.

"ಅಮ್ಮ, ನೀವೇ ಬಿಟ್ಬಿಡಿ. ನನ್ನ ಕೈಲಿ ಆಗಲ್ಲ."

ಅವರು ಎರಡೂ ಕೈ ಚಾಚಿದರು. "ಕೊಡು. ಅವಳಿಗೆ ಏನು ಹೇಳಿ ಬಿಡಲಿ?"

ಶ್ರೀಪತಿ ಬಾಯಿ ತೆರೆದ. ಬಂದದ್ದು ಬೇರೆಯದೇ ಮಾತು.

"ಅವಳು ಹೋದಳು ಅಂತ ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ಕೆಲಸದಲ್ಲಿದ್ದೆ. ಹೂಂ ಅಂದೆ. ಫೋನ್ ಇಟ್ಟು, ಬರೀತಿದ್ದ ಸಾಲು ಮುಗಿಸಿದೆ. ಮಿಕ್ಕಿದ್ದೆಲ್ಲ ಭಾವಮೈದುನ ಮಾಡಿದ, ಅತ್ತಿಗೆಯರು ಮಾಡಿದರು. ಅವರೇ ಅತ್ತರು. ನಾನು ಆಮೇಲೆ ಅಂದ್ಕೊಂಡೆ."

"ಅದು ಈಗ ಯಾರ ಮಡಿಲಲ್ಲಿದೆ?"

ಅವರ ಕೈ ಇನ್ನೂ ಚಾಚಿಯೇ ಇತ್ತು. ಶ್ರೀಪತಿ ಕುಡಿಕೆ ಕೊಡಲಿಲ್ಲ. ತಿರುಗಿ ನೀರಿಗಿಳಿದ. ಮೊಣಕಾಲಿನ ತನಕ ಹೋಗಿ ನಿಂತ. ಸೆಳೆತ ಜೋರಾಗಿತ್ತು. ಸುಭದ್ರಮ್ಮ ಒಂದು ಕೈಯಲ್ಲಿ ಅತ್ತಿಯ ಕೊಂಬೆ, ಇನ್ನೊಂದರಲ್ಲಿ ಅವನ ಹೆಗಲ ಮೇಲಿನ ಪಂಚೆಯ ತುದಿ ಹಿಡಿದು ನಿಂತರು.

ಕಂದಿದ ಬಟ್ಟೆಯ ಗಂಟು ಬಿಚ್ಚಿದ. ಕುಡಿಕೆಯ ಬಾಯಿಗೆ ಅಂಗೈ ಮುಚ್ಚಿದ. ಆಗ ಅಳು ಬಂತು, ಇಷ್ಟು ದಿನ ಸಾಲಿನಲ್ಲಿ ನಿಂತಿದ್ದ ಅಳು. ಆದರೂ ಅಂಗೈ ತೆಗೆಯಲಿಲ್ಲ.

"ಇದನ್ನೂ ಬಿಟ್ಟರೆ ನನಗೆ ಇನ್ನೇನಿದೆ, ಅಮ್ಮ? ದಿನಾ ಇದರ ಕೆಳಗೆ ನಿಂತು ಕಾಯ್ತಿದ್ದೆ. ಒಂದು ಸಲವಾದರೂ ಕರೀತಾಳೇನೋ ಅಂತ."

ಸುಭದ್ರಮ್ಮ ಪಂಚೆಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

"ಹಳೇ ಗೆರೆ ಹಾಗೇ ಇಟ್ಕೊಂಡಿದ್ರೆ, ಅವಳು ಮತ್ತೆ ಕರೆದದ್ದು ನಿನಗೆ ಹೇಗೆ ಕೇಳಿಸ್ಬೇಕು, ಮಗು?"