ಚೌಡಕ್ಕನ ಅಂಚಿನ ಗುಂಡು

ಗುರಿಕಾರರ ಕ್ಲಬ್ಬಿಗೆ ಬಂದ ಹೊಸಬರ ಕೈ ತಿದ್ದುತ್ತಲೇ ಹಳತಾದ ಕೋವಿ ಚೌಡಕ್ಕ. ಅಂದು ಅವಳು ಪರವೂರಿನ ಹೊಸ ಕೋವಿಯ ಜೊತೆ ಕಪ್ಪಿಗಾಗಿ ಸ್ಪರ್ಧೆಗಿಳಿದಿದ್ದಳು. ಇಬ್ಬರೂ ಹತ್ತು ಹತ್ತು ಗುಂಡು ಹಾರಿಸಿದರು. ಕಾರ್ಯದರ್ಶಿ ದುರ್ಬೀನಪ್ಪ ಇಣುಕಿ ನೋಡಿದರೆ, ಚೌಡಕ್ಕನ ಗುರಿಕಾಗದದಲ್ಲಿ ಹನ್ನೊಂದು ತೂತು, ಪಕ್ಕದ್ದರಲ್ಲಿ ಒಂಬತ್ತೇ.

“ಅತಿಥಿಗಳು ಗಾಬರಿಯಲ್ಲಿ ಒಂದನ್ನು ಪಕ್ಕದ ಮನೆಗೆ ಕಳಿಸಿದ್ದಾರೆ. ಅದಕ್ಕೆ ಅಂಕವಿಲ್ಲ,” ಎಂದು ಅವನು ನಕ್ಕ. “ಕೊನೆಗೆ ಬಿದ್ದದ್ದು ಎರಡು, ಒಂದು ನಟ್ಟನಡುವೆ, ಒಂದು ಅಂಚಿಗೆ. ಯಾವುದು ಯಾರದೆಂದು ತಿಳಿಯದಿದ್ದರೆ ಹೆಚ್ಚು ಅಂಕದ ತೂತು ಕಾಗದದ ಒಡತಿಗೇ ಸೇರಬೇಕೆಂಬುದು ನಿಯಮ. ಕಪ್ ನಮ್ಮದಾಯಿತು, ಅಕ್ಕಾ!”

ಆ ಕಪ್ ಈ ಕ್ಲಬ್ಬಿನ ಹೊಸ್ತಿಲನ್ನು ಒಮ್ಮೆಯೂ ದಾಟಿ ಬಂದಿರಲಿಲ್ಲ. ಆದರೆ ಕೊನೆಯ ಗುಂಡು ಜಾರಿದ್ದು ಚೌಡಕ್ಕನಿಗೆ ಗೊತ್ತಿತ್ತು.

“ತಿಳಿಯದಿದ್ದರೆ ತಾನೆ? ನನಗೆ ತಿಳಿದಿದೆ. ಅಂಚಿನದು ನನ್ನದು, ಬರೆದುಕೋ.”

ಒಂದೇ ಅಂಕದಿಂದ ಕಪ್ ಪರವೂರಿನ ಪಾಲಾಯಿತು. ದುರ್ಬೀನಪ್ಪ ಎದೆಯುಬ್ಬಿಸಿಕೊಂಡು, ಸೋತ ಅಂಕವನ್ನು ಇಡೀ ಮೈದಾನಕ್ಕೆ ಕೇಳುವಂತೆ ಸಾರಿದ.

ಹೊಸ ಕೋವಿ ಕಪ್ ಹಿಡಿದು ಚೌಡಕ್ಕನ ಬಳಿ ಬಂದು ತಲೆ ತಗ್ಗಿಸಿತು. “ಅಕ್ಕಾ, ನಿಮ್ಮ ಕ್ಲಬ್ಬಿಗೆ ಸೇರಬೇಕಾದರೆ ಯಾರನ್ನು ಕೇಳಬೇಕು?”

“ನನ್ನನ್ನೇ ಕೇಳಿದೆಯಲ್ಲ, ಬಾ,” ಎಂದಳು ಚೌಡಕ್ಕ. “ಮೊದಲ ಪಾಠ, ನಿನ್ನ ಕಾಗದ ಯಾವುದೆಂದು ನೋಡಿಕೊಳ್ಳುವುದು.”